ಮೆಲ್ಲಗೆ ಸಾರಿದ ತೋಟಿ

ಗಂಟಲು ಕೆಟ್ಟವರನ್ನು ಕಂಡರೆ ಅನಂತಮತಿಗೆ ಕನಿಕರ ಹುಟ್ಟುತ್ತಿರಲಿಲ್ಲ, ಮೈ ಉರಿಯುತ್ತಿತ್ತು. ಹೊಳೆನರಸೀಪುರದ ಪಾತ್ರೆ ಅಂಗಡಿಗಳ ಬೀದಿಯಲ್ಲಿದ್ದ ಅವಳ ಮನೆಯ ಜಗಲಿಗೆ ತಿಂಗಳಿಗೆ ಒಬ್ಬಿಬ್ಬರಾದರೂ ಅಂಥವರು ಡಾಕ್ಟರ್ ಈಶ್ವರಯ್ಯನವರ ಚೀಟಿ ಹಿಡಿದು ಬರುತ್ತಿದ್ದರು. ಮೇಷ್ಟರುಗಳು, ಹರಿಕಥೆ ದಾಸರು, ದನದ ದಲ್ಲಾಳಿಗಳು, ಸೊಸೆಯಂದಿರನ್ನು ಗದರಿ ಗದರಿ ದನಿ ಕಳೆದುಕೊಂಡ ಅತ್ತೆಯರು. ಮೊದಲ ದಿನ ಎಲ್ಲರೂ ಕಣ್ಣಲ್ಲಿ ನೀರು ತಂದುಕೊಂಡು, ಏನು ಹೇಳಿದರೂ ಮಾಡುತ್ತೇವೆ ಎಂದು ಪಿಸುಗುಟ್ಟುತ್ತಿದ್ದರು. ಎಂಟನೆಯ ದಿನಕ್ಕೆ ನೆಂಟರ ಮದುವೆ ಬರುತ್ತಿತ್ತು. ಹದಿನೈದನೆಯ ದಿನಕ್ಕೆ ಅವರೇ ಬರುತ್ತಿರಲಿಲ್ಲ.

ಅನಂತಮತಿಯೂ ಒಂದು ಕಾಲಕ್ಕೆ ದನಿ ಕಳೆದುಕೊಂಡವಳೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಹೇಳಿಕೊಡುತ್ತಿದ್ದಳು. ಮೂವತ್ತೈದನೆಯ ಇಸವಿಯಲ್ಲಿ ಒಂದು ದಿನ ಮೇಲಿನ ಷಡ್ಜಕ್ಕೆ ಹೋದ ದನಿ ಅಲ್ಲೇ ಹರಿದುಹೋಯಿತು. ಮದರಾಸಿನಲ್ಲಿ ಓದಿ ಬಂದಿದ್ದ ಈಶ್ವರಯ್ಯನವರು ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಅವಳ ಗಂಟಲಿಗಿಳಿಸಿ ನೋಡಿ, ದನಿಯ ಎಳೆಗಳ ಮೇಲೆ ಸಾಸಿವೆಯಷ್ಟು ಗಂಟು ಎದ್ದಿದೆ ಎಂದರು. ಔಷಧಿ ಇಲ್ಲ. ಅರಚಿ ಬಂದದ್ದು ಅರಚುವುದನ್ನು ಬಿಟ್ಟರೆ ಹೋಗುತ್ತದೆ. ಮಾತಾಡುವ ರೀತಿಯನ್ನೇ ಹೊಸದಾಗಿ ಕಲಿಯಬೇಕು.

ಆಗ ಅವಳ ಗಂಡ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಅದೇ ಮನೆಯ ಹಿಂದಿನ ಅಂಕಣದಲ್ಲಿದ್ದ ನಾದಿನಿ ರಾಜೀಮತಿ ಬಾವಿಕಟ್ಟೆಯಲ್ಲಿ ನಾಲ್ಕು ಜನ ಹೆಂಗಸರ ಎದುರಿಗೆ, "ಇನ್ನೇನು, ಮೂಗಿ ಆದ್ಲು ಬಿಡಿ" ಎಂದಳು. ಆ ಒಂದು ಮಾತಿನ ಮೇಲೆ ಅನಂತಮತಿ ಎಂಟು ತಿಂಗಳು ಬದುಕಿದಳು. ಮೊದಲ ಒಂದೂವರೆ ತಿಂಗಳು ತುಟಿ ಬಿಚ್ಚಲಿಲ್ಲ. ಆಮೇಲೆ ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿಕೊಂಡು, ಡಾಕ್ಟರು ಹೇಳಿದ ಸಾಧನೆ. ದನಿ ಬಂದ ದಿನ ಬಾವಿಕಟ್ಟೆಗೆ ಹೋಗಿ, "ರಾಜೀಮತಿ, ಹಗ್ಗ ಕೊಡಮ್ಮ" ಎಂದು ಮೆಲ್ಲಗೆ, ಸ್ಪಷ್ಟವಾಗಿ ಕೇಳಿದಳು. ಅಂದಿನಿಂದ ಅವಳ ತೀರ್ಮಾನ ಒಂದೇ. ಹಟವಿದ್ದರೆ ಎಂಟು ತಿಂಗಳು ಸಾಕು, ಇಲ್ಲದವನಿಗೆ ಎಂಟು ಜನ್ಮವೂ ಸಾಲದು. ಸಾಧನೆ ಹೇಳಿಕೊಡಲು ಈಶ್ವರಯ್ಯನವರು ಅವಳನ್ನು ಕೇಳಿಕೊಂಡಾಗ ಒಪ್ಪಿದ್ದು, ನಿಜ ಹೇಳಬೇಕೆಂದರೆ, ತನ್ನಷ್ಟು ಹಟದವರು ಇನ್ನೊಬ್ಬರಿಲ್ಲ ಎಂದು ದಿನವೂ ಕಣ್ಣಾರೆ ನೋಡುವ ಸುಖಕ್ಕೆ.

ಲಡಾಯಿ ನಡೆಯುತ್ತಿದ್ದ ನಲವತ್ತಮೂರರಲ್ಲಿ ಅವಳ ತಿರಸ್ಕಾರಕ್ಕೆ ಹೆಚ್ಚು ಪಾತ್ರರಾಗಿದ್ದವರು ವಕೀಲ ಗುಂಡಯ್ಯನವರು. ಜರಿ ರುಮಾಲು, ಕರೀ ಕೋಟು, ಒಡೆದ ಮಡಕೆಯಂಥ ದನಿ. ಮನೆಯ ಗೋಡೆಗೆ ಒಂದು ಕಾಗದ ಅಂಟಿಸಿ, ಸಾಧನೆ ಮಾಡಿದ ದಿನ ಮಾತ್ರ ಅದರ ಮೇಲೆ ಗೀಟು ಎಳೆಯಬೇಕೆಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಗುಂಡಯ್ಯ ಆ ಕಾಗದವನ್ನು ಸುತ್ತಿಕೊಂಡು ಬಂದು, ಹಣ್ಣು ಕಾಯಿ ಒಪ್ಪಿಸುವವರಂತೆ ಅವಳ ಮುಂದೆ ಇಟ್ಟರು. ಮೂವತ್ತು ದಿನಕ್ಕೆ ಮೂವತ್ತು ಗೀಟು, ಎಲ್ಲ ಒಂದೇ ಶಾಯಿ, ಒಂದೇ ಓರೆ.

"ಒಂದು ದಿನವೂ ತಪ್ಪಿಸಿಲ್ಲ ಅಮ್ಮ."

"ಎಲ್ಲಾನೂ ಇವತ್ತು ಬೆಳಿಗ್ಗೆ ಎಳೆದಿರಾ, ನಿನ್ನೆ ಸಾಯಂಕಾಲವಾ?"

ಗುಂಡಯ್ಯ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು. "ಮೊನ್ನೆ ಕೋರ್ಟಿನಲ್ಲಿ ಸ್ವಲ್ಪ ಏರಿಸಬೇಕಾಯ್ತು. ಎದುರು ಕಡೆ ವಕೀಲ ಅರಕಲಗೂಡಿನವನು. ಅವನ ಬಾಯಿ ನಿಮಗೆ ಗೊತ್ತಿಲ್ಲ."

"ನಿಮ್ಮ ಬಾಯಿ ಗೊತ್ತಾಯ್ತಲ್ಲ, ಸಾಕು. ಇನ್ನೊಂದು ಕಾಗದ ತಗೊಂಡು ಹೋಗಿ."

ಅವರು ಬೀದಿ ತಿರುಗುವವರೆಗೂ ಅವಳು ನೋಡಿದಳು. ಹೆಜ್ಜೆಯಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ.

ಅದೇ ವಾರ ದ್ಯಾವಯ್ಯ ಬಂದ. ಚನ್ನರಾಯಪಟ್ಟಣದ ರಸ್ತೆಯಲ್ಲಿ ಎರಡು ಹರದಾರಿ ಆಚೆಯ ಹಳ್ಳಿಯೊಂದರ ತೋಟಿ ಅವನು. ತಮಟೆ ಬಡಿದು ಸರ್ಕಾರದ ಹುಕುಂ ಸಾರುವುದು ಅವನ ಅಪ್ಪನಿಗೂ ತಾತನಿಗೂ ಇದ್ದ ಕೆಲಸ. ಅವರ ಕಾಲದಲ್ಲಿ ತಿಂಗಳಿಗೊಂದು ಹುಕುಂ ಬಂದರೆ ಹೆಚ್ಚು. ಈಗ ದಿನಕ್ಕೊಂದು. ಸರ್ಕಾರಕ್ಕೆ ಅಳೆಯಬೇಕಾದ ಲೆವಿ ಭತ್ತ, ರೇಷನ್ ಕಾರ್ಡು, ಸೀಮೆಎಣ್ಣೆ, ಪಟಾಲಮ್ಮಿಗೆ ಸೇರುವವರು. ಎರಡು ವರ್ಷ ಕೂಗಿ ದನಿ ಹೋಗಿತ್ತು. ಉಳಿದದ್ದು ಒಣ ತೆಂಗಿನ ಗರಿ ಎಳೆದ ಸದ್ದು.

ಅವನು ಚೀಟಿಯನ್ನು ಮೆಟ್ಟಿಲ ಮೇಲಿಟ್ಟು, ಹಾರದಂತೆ ಅದರ ಮೇಲೊಂದು ಕಲ್ಲು ಹೇರಿ ಹೋಗಿ, ಚರಂಡಿಯಾಚೆ ಹೊಂಗೆಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಕೇರಿಯವರು ಆ ಬೀದಿಗೆ ಬಂದರೆ ಕೂರುತ್ತಿದ್ದದ್ದೇ ಅಲ್ಲಿ. ಅನಂತಮತಿ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಕೂತಳು.

"ಎಷ್ಟು ದಿನ ಆಯ್ತು?"

ಅವನು ಏನೋ ಅಂದ.

"ಕೇಳಿಸೋ ಹಾಗೆ ಹೇಳು."

ಅವನು ಕತ್ತಿನ ನರ ಉಬ್ಬಿಸಿ ಮತ್ತೆ ಅಂದ. ಸುಗ್ಗಿಯಿಂದಲೂ ಹೀಗೆ.

ಹದಿನೈದು ದಿನ ಬಾಯಿ ಬಿಡಬಾರದು ಎಂದಳು. ಪಿಸುಮಾತೂ ಕೂಡದು. ಬಿಸಿನೀರು ಕುಡಿಯಬೇಕು, ಕೆಮ್ಮು ಬಂದರೆ ನುಂಗಬೇಕು. ದ್ಯಾವಯ್ಯ ತಲೆ ಕೆರೆದುಕೊಂಡ. "ಪಟೇಲ್ರು ಬುಡಲ್ಲ ಅಮ್ಮಾರೆ. ಸಾರ್ನಿಲ್ಲ ಅಂದ್ರೆ ತ್ವಾಟಿಗಿರಿ ಕಿತ್ಕತ್ತರೆ."

ಸರಿ, ಶುರುವಾಯಿತು ಎಂದುಕೊಂಡಳು ಅನಂತಮತಿ. ವಕೀಲನಿಗೆ ಅರಕಲಗೂಡಿನವನು, ಇವನಿಗೆ ಪಟೇಲ. "ತಮಟೆ ನೀನು ಬಡಿ. ಹೇಳೋಕೆ ಇನ್ಯಾರನ್ನಾದರೂ ಕರಕೊಂಡು ಹೋಗು. ಅಷ್ಟೂ ಆಗಲ್ಲ ಅಂದ್ರೆ ಇಷ್ಟು ದೂರ ನಡೆದು ಬರಬೇಡ."

ಇವನು ತಿರುಗಿ ಬರುವವನಲ್ಲ ಎಂದು ಅವಳು ಡಾಕ್ಟರಿಗೆ ಹೇಳಿ ಕಳಿಸಿದಳು. ಹದಿನಾರನೆಯ ದಿನ ಅವನು ಅದೇ ಹೊಂಗೆಮರದ ಕೆಳಗೆ ಕೂತಿದ್ದ. ಹೆಂಡತಿ ಕೆಂಪಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಅವಳ ಕೈಲಿ ಸಾರಿಸಿದ್ದನಂತೆ. ಊರ ಗಂಡಸರು ನಕ್ಕರಂತೆ. ಅವನು ನಗುವವರ ಕಡೆ ನೋಡದೆ ತಮಟೆ ಬಡಿದನಂತೆ.

ಇದನ್ನು ಕೇಳಿದ ಮೇಲೂ ಅನಂತಮತಿ ಮೆಚ್ಚಲಿಲ್ಲ. ಹದಿನೈದು ದಿನ ದೊಡ್ಡದಲ್ಲ, ಉಪವಾಸ ಎಲ್ಲರೂ ಮಾಡುತ್ತಾರೆ, ಆಮೇಲೆ ಪಥ್ಯದಲ್ಲಿ ಕೆಡುತ್ತಾರೆ. ಆದರೂ ಮುಂದಿನ ಪಾಠ ಹೇಳಿದಳು. ಕತೆ ಕೇಳುವವರು ನಡುನಡುವೆ 'ಹೂಂ' ಅನ್ನುತ್ತಾರಲ್ಲ, ಅದೇ ಮನುಷ್ಯನ ಸಹಜವಾದ ದನಿ. ತುಟಿ ಮುಚ್ಚಿ, ಹೊಟ್ಟೆಯಿಂದ, ಮೂಗಿನ ಬುಡ ಜುಮ್ಮೆನ್ನುವ ಹಾಗೆ ಹೂಂಗುಟ್ಟಬೇಕು. ಆ ಹೂಂಕಾರದ ಬೆನ್ನಿಗೇ ಒಂದು ಮಾತು, ಆಮೇಲೆ ಎರಡು ಮಾತು. ಅದಕ್ಕಿಂತ ಮೇಲೆ ಹೋಗಲೇಬಾರದು. ದ್ಯಾವಯ್ಯ ಹೂಂ ಅಂದ. "ಏನೂ ಕೇಳಿಸಲಿಲ್ಲ" ಎಂದಳು ಜಗಲಿಯಿಂದ. ಮತ್ತೆ ಅಂದ. "ಇನ್ನೂ ಸ್ವಲ್ಪ ಗಟ್ಟಿ."

ಹೀಗೆ ಐದು ವಾರ ನಡೆಯಿತು. ಆರನೆಯ ವಾರ ಅವನು ಬಂದಾಗ ಗಂಟಲಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಲೆವಿಯವರು ಬಂದ ದಿನ ಪಟೇಲ ಕೆಂಪಣ್ಣ ಚಾವಡಿಯ ಮೇಲೆ ಕೂತು, ಹೆಂಗಸಿನ ಕೈಲಿ ಸರ್ಕಾರದ ಹುಕುಂ ಸಾರಿಸಬಾರದು, ನೀನೇ ಕೂಗು ಎಂದು ಹಟ ಹಿಡಿದನಂತೆ. ಊರ ಬೇಲಿಯಾಚೆ ನಿಲ್ಲಿಸಿ ಇಡೀ ಊರಿಗೆ ಕೇಳಿಸುವಂತೆ ಮೂರು ಸಲ ಕೂಗಿಸಿದನಂತೆ.

ಅನಂತಮತಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. "ನಿಮಗೆಲ್ಲ ಯಾರೋ ಒಬ್ಬರು ಸಿಕ್ಕೇ ಸಿಗ್ತಾರೆ. ಕೂಗಿದ್ದು ನಿನ್ನ ಗಂಟಲು, ಪಟೇಲನದಲ್ಲ. ನನ್ನ ಹೊತ್ತು ಹಾಳು ಮಾಡಬೇಡ. ಇನ್ನು ಬರಬೇಡ ಹೋಗು."

ದ್ಯಾವಯ್ಯ ಎದ್ದು, ಪಂಚೆಯ ಮಣ್ಣು ಕೊಡವಿಕೊಂಡು, ಕೈ ಮುಗಿದು ಹೋದ. ಅವಳು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು.

ಮಾರನೆಯ ದಿನ, ಸುದ್ದಿ ತಿಳಿದು, ಈಶ್ವರಯ್ಯನವರೇ ಬಂದರು. ಅರವತ್ತು ದಾಟಿದ, ಯಾರನ್ನೂ ಬೈಯದ ಮನುಷ್ಯ. ಆ ಕಾರಣಕ್ಕೇ ಅವರ ಮೇಲೂ ಅನಂತಮತಿಗೆ ಒಳಗೊಳಗೇ ಸ್ವಲ್ಪ ತಾತ್ಸಾರ.

"ಏಳು ವರ್ಷದಲ್ಲಿ ನಾನು ನಿಮ್ಮಲ್ಲಿಗೆ ಎಷ್ಟು ಜನರನ್ನ ಕಳಿಸಿದ್ದೀನಿ ಅನಂತಮತಿ?"

"ನೂರರ ಮೇಲಾಗಿರಬೇಕು."

"ಗುಣ ಆದವರು?"

"ಇಬ್ಬರು. ಗುಣ ಆಗಬೇಕು ಅನ್ನೋರನ್ನ ನೀವು ಕಳಿಸಲಿಲ್ಲ, ನಾನೇನು ಮಾಡ್ಲಿ?"

"ಆಗಬೇಕು ಅಂತಲೇ ಬಂದಿರ್ತಾರೆ. ಅದನ್ನ ತಿಂಗಳುಗಟ್ಟಲೆ ಉಳಿಸಿಕೊಳ್ಳೋದು ಕಷ್ಟ. ನಿಮಗೆ ರಾಜೀಮತಿ ಇದ್ದರು, ದಿನಾ ಬೆಳಿಗ್ಗೆ ಅವರ ಮುಖ ನೋಡಿದರೆ ಸಾಕಾಗ್ತಿತ್ತು. ಈ ತೋಟಿಗೆ ಏನಿದೆ? ದನಿ ಬಂದರೆ ಅವನಿಗೆ ಏನಾಗಬೇಕು? ಕೇಳಿದ್ರಾ?"

"ಕೇಳೋದೇನು, ಕೂಗಬೇಕು."

ಡಾಕ್ಟರು ಕೊಡೆ ತೆಗೆದುಕೊಂಡು ಎದ್ದರು. ಅವರು ಹೋದ ಮೇಲೆ, ಮೃದುವಾಗಿ ಮಾತಾಡುವ ಗಂಡಸರು ಕೊನೆಗೆ ಎಲ್ಲ ತಪ್ಪನ್ನೂ ಹೆಂಗಸರ ತಲೆಗೇ ಕಟ್ಟುತ್ತಾರೆ ಎಂದುಕೊಂಡಳು. ಆದರೆ ಆ ದಿನದ ಅಕ್ಕಿಯಲ್ಲಿ ಎರಡು ಕಲ್ಲು ಉಳಿದಿದ್ದವು.

ಎರಡು ತಿಂಗಳ ಮೇಲೆ ಚನ್ನರಾಯಪಟ್ಟಣದಲ್ಲಿದ್ದ ತಂಗಿಯ ಮಗಳು ಮರುದೇವಿಯನ್ನು ನೋಡಲು ಬಸ್ಸು ಹತ್ತಿದಳು. ಪೆಟ್ರೋಲು ಸಿಗದ ಕಾಲ. ಇದ್ದಿಲಿನ ಗ್ಯಾಸಿನಿಂದ ಓಡುವ ಆ ಬಸ್ಸು ಎರಡು ಹರದಾರಿಗೆ ಒಂದು ಸಲ ನಿಂತು ಬೆಂಕಿ ಕೆದಕಿಸಿಕೊಳ್ಳುತ್ತಿತ್ತು. ನಿಂತದ್ದು ದ್ಯಾವಯ್ಯನ ಊರಿನ ಚಾವಡಿಯ ಎದುರು. ಕಂಡಕ್ಟರು ಕೆಳಗಿಳಿದು ಕುಲುಮೆ ತಿರುವುತ್ತಿದ್ದಾಗ ತಮಟೆಯ ಸದ್ದು ಬಂತು.

ಅನಂತಮತಿ ಕಿಟಕಿಯಿಂದ ನೋಡಿದಳು. ದ್ಯಾವಯ್ಯ ಬೇಲಿಯ ಪಕ್ಕ ನಿಂತು ತಮಟೆ ಬಡಿಯುತ್ತಿದ್ದ. ಬಡಿದ, ಬಡಿದ, ಊರ ನಾಯಿಗಳೆಲ್ಲ ಬೊಗಳಿ ಸುಸ್ತಾಗುವವರೆಗೆ ಬಡಿದ. ಆಮೇಲೆ ನಿಲ್ಲಿಸಿದ. ನಿಲ್ಲಿಸಿ ಸುಮ್ಮನೆ ನಿಂತ. ಜನ ಹಿತ್ತಲಿಂದ, ಕಣದಿಂದ ಬಂದು ಅಲ್ಲಲ್ಲೇ ನಿಂತರು. ಅವನು ಮಾತಾಡಿದ. ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೆ.

"ಏನ್ಲಾ ಅದು? ಕೇಳ್ಸಕಿಲ್ಲ, ಗಟ್ಟಿಯಾಗೇಳು" ಎಂದ ಒಬ್ಬ ಗೌಡ.

ದ್ಯಾವಯ್ಯ ಅವನ ಕಡೆ ತಿರುಗಿ, ಅದೇ ದನಿಯಲ್ಲಿ ಮತ್ತೆ ಹೇಳಿದ. ಬಿತ್ತನೆ ಭತ್ತ ಎಂಬ ಮಾತು ಯಾರೋ ಒಬ್ಬಳ ಕಿವಿಗೆ ಬಿತ್ತು. ಲೆವಿಯವರು ಬಿತ್ತನೆ ಭತ್ತವನ್ನೂ ಅಳೆದುಕೊಂಡು ಹೋಗುತ್ತಾರೆಂದು ಊರೆಲ್ಲ ಹೆದರಿದ್ದ ಹೊತ್ತು ಅದು. ಅವಳು ಮುಂದೆ ಬಂದಳು. ಅವಳ ಹಿಂದೆ ಇನ್ನಿಬ್ಬರು. ನೋಡನೋಡುತ್ತ ಅವನ ಸುತ್ತ ನಲವತ್ತು ಜನ, ಭುಜಕ್ಕೆ ಭುಜ ತಾಗಿಸಿ, ಕತ್ತು ಮುಂದಕ್ಕೆ ಚಾಚಿ. ಕೊನೆಗೆ ಬಸ್ಸಿನವರೆಗೂ ಆ ದನಿ ಬಂತು. ತಗ್ಗಿದ, ದುಂಡನೆಯ, ಒಂದು ಬಿರುಕೂ ಇಲ್ಲದ ದನಿ.

"ಸೋಮಾರ ಸಾಯೇಬ್ರು ಬತ್ತಾರೆ. ಬಿತ್ನೆ ಭತ್ತನ ಬ್ಯಾರೆ ಕಟ್ಟಿಡಿ, ಅದ್ನ ಮುಟ್ಟಕಿಲ್ವಂತೆ. ಅಳ್ದಿದ್ದಕ್ಕೆ ಚೀಟಿ ಈಸ್ಕಳಿ."

ಚಾವಡಿಯ ಮೇಲಿಂದ ಪಟೇಲ ಕೆಂಪಣ್ಣ, "ಗಟ್ಟಿಯಾಗಿ ಸಾರ್ಲಾ" ಎಂದು ಕೂಗಿದ. ಗುಂಪಿನಿಂದ ಯಾರೋ, "ಸ್ವಲ್ಪ ಸುಮ್ಕಿರಿ ಗೌಡ್ರೆ, ಕೇಳ್ಸಕಿಲ್ಲ" ಎಂದರು.

ಬಸ್ಸು ಹೊರಟಿತು. ಮರುದೇವಿಯ ಮನೆಯಲ್ಲಿ ಎರಡು ದಿನ ಅನಂತಮತಿ ಯಾವುದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ. ತಾನು ಹೇಳಿಕೊಟ್ಟಾಗ ಬರದ ದನಿ ತಾನು ಓಡಿಸಿದ ಮೇಲೆ ಬಂದಿತ್ತು. ಇದನ್ನು ಹೇಗೆ ತಿರುಗಿಸಿ ನೋಡಿದರೂ ತನಗೆ ಮರ್ಯಾದೆ ತರುವ ಒಂದು ಮುಖವೂ ಕಾಣಲಿಲ್ಲ.

ಊರಿಗೆ ಬಂದವಳೇ ಡಾಕ್ಟರ ಮೂಲಕ ಅವನಿಗೆ ಹೇಳಿಕಳಿಸಿದಳು. ದ್ಯಾವಯ್ಯ ಬಂದು ಹೊಂಗೆಮರದ ಕೆಳಗೆ ಕೂತ.

"ದನಿ ಹೇಗೆ ಬಂತು?"

ಅವನು ಹೇಳಿದ. ಅವಳಿಗೆ ಕೇಳಿಸಲಿಲ್ಲ. "ಕೇಳಿಸೋ ಹಾಗೆ" ಎಂದು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದಳು. ಜಗಲಿಗೂ ಆ ಮರಕ್ಕೂ ಐದು ಮಾರು ದೂರ. ಐದು ವಾರ, ವಾರಕ್ಕೊಂದು ಸಲ, ಐದು ಮಾರು ಆಚೆ ಕೂರಿಸಿ, ಕೂಗಬೇಡ ಎಂಬ ಪಾಠವನ್ನು ಕೂಗಿಸಿ ಕೂಗಿಸಿ ಒಪ್ಪಿಸಿಕೊಂಡಿದ್ದಳು. ನೂರು ಜನರ ಸಣ್ಣತನವನ್ನು ಎಣಿಸಿ ಇಟ್ಟಿದ್ದ ಹೆಂಗಸಿಗೆ ತನ್ನದೇ ಇಷ್ಟು ದಪ್ಪನೆಯ ತಪ್ಪು ಕಂಡಿರಲಿಲ್ಲ.

"ಇಲ್ಲಿ ಬಾ. ಜಗಲಿ ಮೇಲೆ ಕೂತ್ಕೋ."

ದ್ಯಾವಯ್ಯ ಅಲ್ಲಾಡಲಿಲ್ಲ. ಬೀದಿಯ ಎರಡೂ ಕಡೆ ನೋಡಿದ. ಏನೋ ಅಂದ, ಅವನ ಕೈಸನ್ನೆಯಿಂದ ಅರ್ಥವಾಯಿತು. ನೀವೇ ಇಳಿದು ಬನ್ನಿ.

ಅವನ ಧೈರ್ಯಕ್ಕೆ ಒಂದು ಕ್ಷಣ ಅವಳ ಮುಖ ಬಿಸಿಯಾಯಿತು. ಆಮೇಲೆ ಇಳಿದಳು. ಚರಂಡಿಯ ಮೇಲಿನ ಚಪ್ಪಡಿ ದಾಟಿ, ಮರದ ಬೇರಿನ ಮೇಲೆ ಕೂತಳು. ಹಿಂದಿನಿಂದ ರಾಜೀಮತಿ ಬಾಗಿಲಿಗೆ ಬಂದದ್ದು ಬಳೆಯ ಸದ್ದಿನಿಂದ ತಿಳಿಯಿತು.

"ಈಗ ಹೇಳು."

"ಕೆಂಪಿ ದಿನಾ ಸಂಜಿಕೆ ಊರ್ಮೇಲಿನ ಸುದ್ದಿ ಯೋಳದು, ನಾನು ಊಂ ಅನ್ನದು" ಎಂದ ದ್ಯಾವಯ್ಯ. "ಅಂಗೇ ಅಂತ ಅಂತ ಅದೇ ದನಿನಾಗೆ ಮಾತೂ ಬಂತು ಕಣವ್ವಾ. ಆಮೇಕೆ ಒಂದಿನ ಸಾರಕ್ಕೋದೆ. ಕೂಗಕ್ಕೆ ಆಗ್ನಿಲ್ಲ. ಊಂ ಅಂದಂಗೇ ಅಂದೆ. ಜನ ಬೈಕಂಡು ಅತ್ರ ಬಂದ್ರು."

"ಅದಕ್ಕೆ?"

"ಅತ್ರ ಬಂದ್ರವ್ವಾ" ಎಂದು ಅವನು ಇನ್ನೊಂದು ಸಲ ಹೇಳಿದ, ಅವಳಿಗೆ ಅರ್ಥವಾಗಿಲ್ಲ ಎಂಬಂತೆ. "ನಮ್ಮಪ್ಪ ಬೇಲಿ ಆಚೆ ನಿಂತ್ಕಂಡು ಕೂಗ್ದ. ನಮ್ತಾತ್ನೂ ಅಂಗೇಯ. ನಾನು ಮೆಲ್ಲುಕ್ ಮಾತಾಡುದ್ರೆ ಗೌಡ್ರು ಮನೆ ಎಣ್ಮಕ್ಳೂ ಮೈಗ್ಮೈ ತಗುಲಂಗೆ ನಿಂತ್ಕತ್ತರೆ. ಸುದ್ದಿ ಮುಗಿಯಗಂಟ ಗ್ಯಾನ ಇರಕಿಲ್ಲ ಅವ್ರುಗೆ. ಮುಗುದ್ಮೇಲೆ ಇಂದುಕ್ಕೆ ಸರೀತಾರೆ. ಅದ್ನ ನೋಡಕ್ಕೆ ಅಂತ್ಲೇ ದಿನಾ ಸಾದ್ನೆ ಮಾಡ್ತೀನಿ. ಇನ್ನೊಂದು ವಸಿ ತಗ್ಗುಸುದ್ರೆ ಇನ್ನೂ ಅತ್ರ ಬತ್ತಾರೇನೋ ಅಂತವ."

ಅವನು ನಕ್ಕ. ಆ ನಗುವಿನಲ್ಲಿ ವಿನಯ ಇರಲಿಲ್ಲ. ಊರನ್ನು ಕಂಡು ಅವನಿಗೆ ಹುಟ್ಟಿದ್ದ ತಿರಸ್ಕಾರ ತನ್ನದಕ್ಕಿಂತ ಹಳೆಯದು, ತನ್ನದಕ್ಕಿಂತ ಹದವಾದದ್ದು ಎಂದು ಅನಂತಮತಿಗೆ ಅನಿಸಿತು. ಅವಳ ಎಂಟು ತಿಂಗಳಿಗೆ ಬಾವಿಕಟ್ಟೆಯ ಒಂದು ಮಾತು ಸಾಕಾಗಿತ್ತು. ಇವನು ಮೂರು ತಲೆಮಾರಿನ ಬೇಲಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೂಂಗುಟ್ಟಿದ್ದ.

ಅವನು ಹೋದ ಮೇಲೆ ರಾಜೀಮತಿ ಒಂದು ಬಿಂದಿಗೆ ನೀರು ತಂದು ಮೆಟ್ಟಿಲಿಗೆ ಸುರಿದಳು. ಅನಂತಮತಿ ಆ ಒದ್ದೆಯ ಮೇಲೇ ಕಾಲಿಟ್ಟು ಒಳಗೆ ಹೋದಳು.

ಅಂದಿನಿಂದ ಅವಳು ಗೋಡೆಗೆ ಕಾಗದ ಅಂಟಿಸಲು ಹೇಳುವುದನ್ನು ಬಿಟ್ಟಳು. ಬಂದವರನ್ನೆಲ್ಲ, ದನಿ ಬಂದರೆ ಏನು ಮಾಡುತ್ತೀರಿ ಎಂದು ಕೇಳತೊಡಗಿದಳು. ಬಂದ ಉತ್ತರಗಳು ಅವಳ ತಾತ್ಸಾರವನ್ನು ಹೆಚ್ಚಿಸಿದವೇ ಹೊರತು ಕಡಿಮೆ ಮಾಡಲಿಲ್ಲ. ಗುಂಡಯ್ಯನವರು ಬಹಳ ಯೋಚಿಸಿ, ಅರಕಲಗೂಡಿನವನು ಕೋರ್ಟಿನಲ್ಲಿ ತಲೆತಗ್ಗಿಸಬೇಕು ಎಂದರು. ಎಂಥ ಪುಟಗೋಸಿ ಆಸೆ ಎಂದುಕೊಂಡಳು. ಆದರೆ ಆಸೆ ನಿಜವಾದದ್ದಾಗಿತ್ತು. "ಹಾಗಾದರೆ ಅವನು ಅರಚಿದಷ್ಟೂ ನೀವು ತಗ್ಗಿಸಿ. ಜಡ್ಜಿ ಅವನಿಗೆ ಸುಮ್ಮನಿರು ಅಂತಾರೆ, ನಿಮ್ಮ ಮಾತು ಕೇಳಬೇಕಲ್ಲ" ಎಂದಳು. ಗುಂಡಯ್ಯನವರ ಕಣ್ಣು ಮಿಂಚಿತು. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸದೆ ಸಾಧನೆ ಮಾಡಿ ಅವರು ಗುಣವಾದರು. ಸ್ವಭಾವ ಮಾತ್ರ ಹಾಗೇ ಉಳಿಯಿತು.

ಮುಂದಿನ ವರ್ಷ ಮಾಗಿಯಲ್ಲಿ ದ್ಯಾವಯ್ಯ ಕೆಂಪಿಯನ್ನೂ ಕರೆದುಕೊಂಡು ಬಂದ. ಇಬ್ಬರ ತಲೆಯ ಮೇಲೂ ಗಂಟು ಇತ್ತು. ಪಟೇಲ ಕೆಂಪಣ್ಣ ಸಂಗತಿಯನ್ನು ತಡವಾಗಿ ಅರ್ಥ ಮಾಡಿಕೊಂಡಿದ್ದ. ಜನ ತೋಟಿಯ ಮೈಗೆ ಮೈ ತಾಗಿಸಿ ನಿಲ್ಲುತ್ತಾರೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಬೇಲಿಯಿಂದ ಹತ್ತು ಮಾರು ಆಚೆ ಒಂದು ಕಲ್ಲು ನೆಡಿಸಿ, ಇನ್ನು ಮೇಲೆ ಇದರ ಹತ್ತಿರ ನಿಂತು ಕೂಗು, ಇಲ್ಲದಿದ್ದರೆ ಕೆಲಸ ಬಿಡು ಎಂದಿದ್ದ. ದ್ಯಾವಯ್ಯ ತಮಟೆಯನ್ನು ಆ ಕಲ್ಲಿಗೆ ನೇತುಹಾಕಿ ಬಂದಿದ್ದ. ಹಾಸನದಾಚೆ ಸಾಲಗಾಮೆಯ ಕಡೆ ಕೆಂಪಿಯ ತಮ್ಮ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದ, ಅಲ್ಲಿಗೆ ಹೊರಟಿದ್ದರು.

ಅನಂತಮತಿಗೆ ಸಿಟ್ಟು ಬಂತು, ಈ ಸಲ ಯಾರ ಮೇಲೆ ಎಂದು ತಕ್ಷಣ ಗೊತ್ತಾಗಲಿಲ್ಲ. "ಇಷ್ಟು ಕಷ್ಟಪಟ್ಟು ತರಿಸಿಕೊಂಡ ದನಿ. ಇಟ್ಟಿಗೆ ಹೊರೋಕೆ ದನಿ ಯಾಕೆ ಬೇಕು?"

"ದನಿ ನಂದು ಕಣವ್ವಾ" ಎಂದ ದ್ಯಾವಯ್ಯ. "ಪಟೇಲ್ರುದಲ್ಲ, ಸರ್ಕಾರದ್ದೂ ಅಲ್ಲ. ಇಟ್ಗೆ ಒತ್ಕಂಡೂ ಮಾತಾಡ್ಬೋದು."

ಕೆಂಪಿ, ಹೊತ್ತಾಯ್ತು ಎಂಬಂತೆ ಅವನ ಮೊಣಕೈ ಮುಟ್ಟಿದಳು. ಅನಂತಮತಿ ಒಳಗೆ ಹೋಗಿ ಒಂದು ಸೇರು ಅವಲಕ್ಕಿ, ಒಂದು ಅಚ್ಚು ಬೆಲ್ಲ ಕಟ್ಟಿ ತಂದು, ಎತ್ತರದಿಂದ ಹಾಕದೆ ಕೆಂಪಿಯ ಕೈಗೇ ಇಟ್ಟಳು. ಕೆಂಪಿ ಗಾಬರಿಯಾಗಿ ಕೈ ಹಿಂದಕ್ಕೆಳೆದುಕೊಂಡಳು. ಗಂಟು ನೆಲಕ್ಕೆ ಬಿದ್ದು ಅವಲಕ್ಕಿ ಚೆಲ್ಲಿತು. ಮೂವರೂ ಬಗ್ಗಿ ಮಣ್ಣಿಲ್ಲದ ಭಾಗವನ್ನು ಬಾಚಿ ಕಟ್ಟಿದರು. ಆಮೇಲೆ ಅವರಿಬ್ಬರೂ ಹಾಸನದ ರಸ್ತೆ ಹಿಡಿದರು.